ಪೋಸ್ಟಮ್ಮನ ಗಾಡಿ

ಮಂಗಳವಾರ ಬೆಳಿಗ್ಗೆ ಬಿಳಿ ವ್ಯಾನೊಂದು ಏದುಸಿರು ಬಿಡುತ್ತ ಗ್ಯಾರೇಜಿನ ಗೇಟಿಗೆ ಬಂದು ನಿಂತಾಗ ಮೆಕ್ಯಾನಿಕ್ ಬೇರೊಂದು ಕಾರಿನ ಕೆಳಗೆ ಅಂಗಾತ ಮಲಗಿದ್ದ. ಎಂಜಿನ್ನಿನ ಸದ್ದು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ತಾನೇ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ್ದ ಎಂಜಿನ್ನು ಅದು. ಅವನು ಹೊರಗೆ ತೆವಳಿ ಬಂದು, ಕೈ ಒರೆಸಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಎಣ್ಣೆಗೈಯಲ್ಲೇ ಮಗಳಿಗೆ ಫೋನ್ ಮಾಡಿದ.

"ಅಮ್ಮನ ಗಾಡಿ ಬಂದಿದೆ ಕಣೇ."

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ಹೌದಾ? ನಾನು ಬರೋವರೆಗೂ ಕಳಿಸ್ಬೇಡಪ್ಪ. ಐದೂವರೆಗೆ ಬಂದ್ಬಿಡ್ತೀನಿ," ಎಂದಳು.

"ಕಳಿಸಲ್ಲ, ಬಾ."

ಆಮೇಲೆ ಇಡೀ ದಿನ ಆ ಫೋನನ್ನು ಯಾಕಾದರೂ ಮಾಡಿದೆನೋ ಎಂದು ಅವನು ತನ್ನನ್ನೇ ಬೈದುಕೊಳ್ಳುವವನಿದ್ದ.

ಅವನ ಹೆಂಡತಿ ಇಪ್ಪತ್ತಾರು ವರ್ಷ ಅಂಚೆ ಹಂಚಿದವಳು. ಊರಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವಳು ಪೋಸ್ಟಮ್ಮ. ಅಂಚೆಯವರನ್ನು ಕಂಡರೆ ನಾಯಿಗಳು ಮೈಮೇಲೆ ಬೀಳುವುದು ಎಲ್ಲ ಕಡೆಯ ರೂಢಿಯಾದರೆ, ಅವಳ ಬೀದಿಗಳ ನಾಯಿಗಳು ತಿರುವಿನವರೆಗೆ ಬಂದು ಅವಳನ್ನು ಎದುರುಗೊಳ್ಳುತ್ತಿದ್ದವು. ಅಂಚೆ ಚೀಲದ ತಳದಲ್ಲಿ ಅವುಗಳಿಗೆಂದು ಬ್ರೆಡ್ಡಿನ ತುಂಡು ಯಾವಾಗಲೂ ಇರುತ್ತಿತ್ತು. ಎಷ್ಟೋ ಸಲ ಕಾಲು ಮುರಿದ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಊರಾಚೆಯ ಪ್ರಾಣಿಗಳ ಶೆಲ್ಟರಿಗೆ ತುಳಿದುಕೊಂಡು ಹೋದದ್ದುಂಟು. "ಇವಕ್ಕೂ ಒಂದು ಗಾಡಿ ಅಂತ ಇದ್ದಿದ್ರೆ," ಎನ್ನುತ್ತಿದ್ದಳು, ಸೈಕಲ್ಲಿಗೆ ಒರಗಿ ಬೆವರು ಒರೆಸಿಕೊಳ್ಳುತ್ತ.

ಎರಡು ವರ್ಷದ ಹಿಂದೆ, ನಾಲ್ಕೇ ತಿಂಗಳ ಕಾಯಿಲೆಯಲ್ಲಿ ಅವಳು ತೀರಿಕೊಂಡಳು. ಇಲಾಖೆಯಿಂದ ಬಂದ ದುಡ್ಡನ್ನು ಏನು ಮಾಡುವುದೆಂದು ಅಪ್ಪ ಮಗಳು ಹೆಚ್ಚು ಚರ್ಚೆ ಮಾಡಲಿಲ್ಲ. ಹಳೆಯ ವ್ಯಾನೊಂದನ್ನು ಕೊಂಡು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿದರು. ಆರು ತಿಂಗಳು, ದಿನದ ಕೆಲಸ ಮುಗಿದ ಮೇಲೆ, ಮೆಕ್ಯಾನಿಕ್ ಅದರ ಜೊತೆ ಗುದ್ದಾಡಿದ. ನೆಲಕ್ಕೆ ಅಲ್ಯೂಮಿನಿಯಂ ತಗಡು ಹಾಸಿದ. ರಕ್ತವನ್ನೋ ಉಚ್ಚೆಯನ್ನೋ ನೀರು ಬಿಟ್ಟು ತೊಳೆದರೆ ಹರಿದುಹೋಗಲಿ ಎಂದು ಮೂಲೆಯಲ್ಲಿ ರಂಧ್ರ ಕೊರೆದ. ಸ್ಟ್ರೆಚರು ಜಾರಲು ಎರಡು ಕಂಬಿ ಕೂರಿಸಿದ. ಸ್ಟ್ರೆಚರನ್ನು ಅವಳ ಜೊತೆ ಕೆಲಸ ಮಾಡಿದ್ದ ಅಂಚೆಯವರು ಸೇರಿ ಕೊಡಿಸಿದರು. ಟಿಂಕರಿಂಗು, ಬಣ್ಣದ ಕೆಲಸ ಅವಳ ತಮ್ಮನದು. ಭಾವನ ಗ್ಯಾರೇಜಿನಲ್ಲೇ ಪಾಲುದಾರನಾಗಿದ್ದ ಅವನು ವ್ಯಾನಿನ ಎರಡೂ ಮಗ್ಗುಲಲ್ಲಿ ನೀಲಿ ಅಕ್ಷರದಲ್ಲಿ ‘ಪೋಸ್ಟಮ್ಮ’ ಎಂದು ಬರೆದ. ಕೆಳಗೆ ಸಣ್ಣದಾಗಿ, ‘ಗಾಯಗೊಂಡ ಪ್ರಾಣಿಗಳಿಗಾಗಿ’. ಬರೆಯುವಾಗ ಮೂರು ಸಲ ಅಳಿಸಿದ್ದ. ಕೇಳಿದರೆ ಬ್ರಷ್ಷು ಸರಿಯಿಲ್ಲ ಎಂದಿದ್ದ.

ಒಂದೂವರೆ ವರ್ಷದ ಹಿಂದೆ ಶೆಲ್ಟರಿಗೆ ಕೊಟ್ಟಿದ್ದ ಆ ವ್ಯಾನು ಈಗ ಕ್ಲಚ್ ಸುಟ್ಟುಕೊಂಡು ಬಂದಿತ್ತು. ತಂದವನು ಹೊಸ ಡ್ರೈವರು, ಸಣಕಲು ಮನುಷ್ಯ. ಶೆಲ್ಟರಿಗೂ ಈ ಗ್ಯಾರೇಜಿಗೂ ಇರುವ ನಂಟು ಅವನಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಗಾಡಿ ಕೈಕೊಟ್ಟಿತು, ಹತ್ತಿರ ಇದ್ದದ್ದು ಈ ಗ್ಯಾರೇಜು, ಅಷ್ಟೆ. "ಬೇಗ ಮಾಡಿಕೊಡಿ ಸಾರ್, ಲೋಡು ಕಾಯ್ತಿದೆ," ಎಂದು ಹೇಳಿ ಬೀಡಿ ಸೇದಲು ರಸ್ತೆಯ ಆಚೆ ಬದಿಗೆ ಹೋದ.

ಲೋಡು ಎನ್ನುವ ಮಾತು ಮೆಕ್ಯಾನಿಕ್ಕಿನ ಕಿವಿಯಲ್ಲಿ ಉಳಿಯಿತು. ಆದರೂ ಅವನು ಮೊದಲು ಅದಕ್ಕೆ ಒಳ್ಳೆಯ ಅರ್ಥವನ್ನೇ ಹಚ್ಚಿದ. ಹಸುವೋ ಕತ್ತೆಯೋ ಇರಬೇಕು. ಡ್ರೈವರುಗಳ ಬಾಯಲ್ಲಿ ಎಲ್ಲವೂ ಲೋಡೇ.

ರಿಪೇರಿ ಗುಂಡಿಯೊಳಗೆ ಇಳಿದು ಗಾಡಿಯನ್ನು ಕೆಳಗಿನಿಂದ ನೋಡಿದ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಿಲ್ಲಿನಂತೆ ಬಾಗಿರಬೇಕಾದವು ನೇರಕ್ಕೆ ಮಲಗಿಬಿಟ್ಟಿದ್ದವು. ಒಂದು ಪಟ್ಟಿ ಸೀಳಿತ್ತು. ನಾಯಿ ಬೆಕ್ಕು ಹೊತ್ತು ಹೀಗಾಗುವುದಿಲ್ಲ. ದಿನಕ್ಕೊಂದು ಹಸು ಹೊತ್ತರೂ ಒಂದೂವರೆ ವರ್ಷಕ್ಕೆ ಹೀಗಾಗುವುದಿಲ್ಲ. ಅವನು ಮೇಲೆ ಬಂದು ಹಿಂಬಾಗಿಲು ತೆಗೆದ. ತಗಡಿನ ನೆಲ ಅಲ್ಲಲ್ಲಿ ತಗ್ಗುಬಿದ್ದು, ಚೂಪಾದ ಮೂಲೆಗಳು ಕುತ್ತಿದ ಗುರುತುಗಳಿಂದ ತುಂಬಿತ್ತು. ಸ್ಟ್ರೆಚರಿನ ಕಂಬಿಗಳಲ್ಲಿ ಒಂದನ್ನು ಗರಗಸ ಹಾಕಿ ಕೊಯ್ದಿದ್ದರು. ನೀರು ಹೋಗಲು ಕೊರೆದಿದ್ದ ರಂಧ್ರದಲ್ಲಿ ಬೆರಳಿಟ್ಟು ನೋಡಿದ. ಕಲ್ಲಿನಂತೆ ಗಟ್ಟಿ. ಸಿಮೆಂಟು.

ಬಗ್ಗಿ ಮೂಸಿದ. ನಾಯಿಯ ವಾಸನೆಯ ಸುಳಿವೂ ಇಲ್ಲ. ಒಂದು ಕೂದಲೂ ಇಲ್ಲ.

ಡ್ರೈವರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎನ್ನುವುದೇ ಭಯವಾಗಿತ್ತು. ಬದಲಿಗೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ. ಬಂದು ಮತ್ತೊಮ್ಮೆ ಒಳಗೆ ನೋಡಿದ, ಮತ್ತೆ ಹೋಗಿ ಕೈ ತೊಳೆದ. ಮೂರನೆಯ ಸಲ ತೊಳೆಯುವಾಗ ಮಗಳ ನೆನಪಾಯಿತು.

ಹೋದ ತಿಂಗಳು ಔಷಧಿ ಅಂಗಡಿಯ ಎದುರಿಗೇ ಕಂದು ನಾಯಿಯೊಂದಕ್ಕೆ ಲಾರಿ ಗುದ್ದಿತ್ತು. ಮಗಳು ಕೌಂಟರು ಬಿಟ್ಟು ಓಡಿ, ಅದನ್ನು ರಸ್ತೆಯಿಂದ ಎಳೆದು, ಶೆಲ್ಟರಿಗೆ ಫೋನ್ ಮಾಡಿದ್ದಳು. ಗಾಡಿ ಇನ್ನೊಂದು ಕೇಸಿಗೆ ಹೋಗಿದೆ, ಬರುತ್ತೆ, ಅಲ್ಲೇ ಇರಿ ಎಂದರು. ಅವಳು ಇದ್ದಳು. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗಂಟೆ ಫುಟ್‌ಪಾತಿನಲ್ಲಿ ಕೂತಿದ್ದಳು. ಗಾಡಿ ಬರಲಿಲ್ಲ, ನಾಯಿ ಉಳಿಯಲಿಲ್ಲ. ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ತಾನೇ ಸಮಾಧಾನ ತಂದುಕೊಂಡು ಹೇಳಿದ್ದಳು: "ಹೋಗ್ಲಿ ಬಿಡಪ್ಪ. ಅಮ್ಮನ ಗಾಡಿ ಆ ಹೊತ್ತಲ್ಲಿ ಇನ್ಯಾವ್ದೋ ಜೀವ ಉಳಿಸ್ತಿತ್ತಲ್ಲ."

ಆ ದಿನ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಹುಟ್ಟಿದ ದಿನ ಅದು. ವ್ಯಾನಿನ ಮುಂದಿನ ಖಾನೆಯಲ್ಲಿ ಗೇಟು ಚೀಟಿಗಳ ಕಟ್ಟು ಇತ್ತು. ಗೋದಾಮಿನಿಂದ ಸರಕು ಹೊರಡುವಾಗ ಕಾವಲುಗಾರ ಹರಿದುಕೊಡುವ ಹಳದಿ ಚೀಟಿಗಳು. ಬೆರಳಿನಿಂದ ಒಂದೊಂದನ್ನೇ ಮಗುಚುತ್ತ ಹೋದ. ಸಿಗದೇ ಇರಲಿ ಎಂದುಕೊಳ್ಳುತ್ತಲೇ ಹುಡುಕಿದ.

ಸಿಕ್ಕಿತು. ಅದೇ ತಾರೀಖು. ‘ಟೈಲ್ಸ್. ಮೂರು ಟ್ರಿಪ್.’

ಅವನು ಆ ಚೀಟಿಯನ್ನು ಕಿಸೆಗೆ ತುರುಕಿದ. ಕದ್ದವನಂತೆ ಆಚೆ ಈಚೆ ನೋಡಿದ.

ಬಣ್ಣ ತರಲು ಹೋಗಿದ್ದ ಭಾಮೈದ ಅಷ್ಟರಲ್ಲಿ ಡಬ್ಬಗಳನ್ನು ಹೊತ್ತು ಬಂದ. ವ್ಯಾನು ನೋಡಿ ಹಲ್ಲು ಕಿರಿದ. "ಓಹೋ, ತವರುಮನೆಗೆ ಬಂದಿದಾಳೆ ನಮ್ಮಕ್ಕ. ಏನ್ ಭಾವ, ಮುಖ ಯಾಕೆ ಸುಟ್ಟ ಕ್ಲಚ್ ಪ್ಲೇಟಿನ ಥರ ಆಗಿದೆ?"

"ಏನಿಲ್ಲ. ನೀನು ಗೇರ್‌ಬಾಕ್ಸ್ ಇಳಿಸ್ತಾ ಇರು. ನಾನು ಒಂದ್ಗಳಿಗೆ ಹೊರಗೆ ಹೋಗ್ಬರ್ತೀನಿ."

"ಎಲ್ಲಿಗೆ?"

"ಬೋಲ್ಟು ತರೋಕೆ."

ಭಾಮೈದ ಗೋಡೆಯುದ್ದಕ್ಕೂ ಇದ್ದ ಬೋಲ್ಟಿನ ಡಬ್ಬಿಗಳನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ.

ಶೆಲ್ಟರಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಅವನು ಆಡಬೇಕಾದ ಮಾತುಗಳನ್ನು ಹೊಂದಿಸಿಕೊಂಡ. ಶೆಲ್ಟರು ಹಾಳುಬಿದ್ದಿರುತ್ತದೆ, ಪ್ರಾಣಿಗಳು ಎಲುಬು ಬಿಟ್ಟುಕೊಂಡಿರುತ್ತವೆ, ಯಾರೋ ತಿಂದು ತೇಗಿರುತ್ತಾರೆ, ತಾನು ಗಂಟಲು ಹರಿಯುವಂತೆ ಕೂಗಾಡುತ್ತೇನೆ ಎಂದುಕೊಂಡ. ಹಾಗಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹಾಗಿರಲಿಲ್ಲ. ಅಂಗಳ ತೊಳೆದು ಚೊಕ್ಕಟವಾಗಿತ್ತು. ತಂತಿಬಲೆಯ ಗೂಡುಗಳಲ್ಲಿ ನಾಯಿಗಳು ಹೊಟ್ಟೆ ತುಂಬಿದ ಮಬ್ಬಿನಲ್ಲಿ ಬಿದ್ದುಕೊಂಡಿದ್ದವು. ಮುಂಗಾಲಿಗೆ ಪಟ್ಟಿ ಸುತ್ತಿದ ಕತ್ತೆಯೊಂದು ನೆರಳಿನಲ್ಲಿ ನಿಂತು ಹುಲ್ಲು ಜಗಿಯುತ್ತಿತ್ತು. ಶೆಲ್ಟರು ನಡೆಸುವ ಡಾಕ್ಟರಮ್ಮ ಕುರುಡು ಬೆಕ್ಕೊಂದರ ಕಣ್ಣಿಗೆ ಮುಲಾಮು ಹಚ್ಚುತ್ತಿದ್ದರು. ಸರ್ಕಾರಿ ಪಶು ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಇದೇ ಅವರ ಬದುಕು. ಸೀರೆಯ ಮೇಲೊಂದು ಹಳೆಯ ಬಿಳಿ ಕೋಟು, ಅದರ ತೋಳಿಗೆ ತೇಪೆ. ಇವನನ್ನು ಕಂಡು ಎದ್ದು ನಿಂತರು. ಎದ್ದು ನಿಂತ ರೀತಿಯಲ್ಲೇ ಅವರಿಗೆ ವಿಷಯ ಹೊಳೆದಿದೆ ಎಂದು ಅವನಿಗೆ ತಿಳಿಯಿತು.

"ಗಾಡಿ ನಿಮ್ಮ ಹತ್ರ ಬಂತಾ?" ಎಂದರು.

"ಬಂತು."

"ಒಳಗೆ ನೋಡಿದ್ರಾ?"

"ನೋಡಿದೆ."

ಅವರು ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಕೈ ಒರೆಸಿಕೊಂಡು, ಬೆಂಚಿನ ಒಂದು ತುದಿಯಲ್ಲಿ ಕೂತರು. ಅವನು ನಿಂತೇ ಇದ್ದ.

"ಹತ್ತು ತಿಂಗಳಾಯ್ತು," ಎಂದರು ಡಾಕ್ಟರಮ್ಮ. "ಬೆಳಗಿಂದ ಮಧ್ಯಾಹ್ನದವರೆಗೆ ಕಟ್ಟಡದ ಕಂಟ್ರಾಕ್ಟರೊಬ್ರಿಗೆ ಬಾಡಿಗೆ ಕೊಡ್ತೀವಿ. ಡ್ರೈವರೂ ಅವರ ಕಡೆಯೋನೇ. ಮಧ್ಯಾಹ್ನದ ಮೇಲೆ ನಮ್ಮ ಕೆಲಸ. ಕೆಲವು ದಿನ ಮಧ್ಯಾಹ್ನದ ಮೇಲೂ ವಾಪಸ್ ಬರಲ್ಲ. ನಾನು ಸುಮ್ಮನಿದ್ದೀನಿ."

"ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಅಮ್ಮಾ."

"ಕೇಳಿದ್ರೆ ನೀವು ಬೇಡ ಅಂತಿದ್ರಿ."

ಹೌದು, ಬೇಡ ಎನ್ನುತ್ತಿದ್ದ.

"ಜನ ಗಾಡಿ ಕೊಡ್ತಾರೆ, ಬಲೆ ಕೊಡ್ತಾರೆ, ಗೋಡೆ ಕಟ್ಟಿಸ್ತಾರೆ. ಹೆಸರು ಬರೆಸೋಕೆ ಜಾಗ ಇರೋದನ್ನೆಲ್ಲ ಕೊಡ್ತಾರೆ," ಎಂದರು ಅವರು. ದನಿಯಲ್ಲಿ ಕೊಂಕು ಇರಲಿಲ್ಲ, ಆಯಾಸವಿತ್ತು. "ನಾಯಿ ದಿನಾ ಎರಡು ಹೊತ್ತು ತಿನ್ನುತ್ತೆ. ಅನ್ನದ ಮೇಲೆ ಹೆಸರು ಬರೆಯೋಕಾಗಲ್ಲ. ಹೋದ ವರ್ಷ ಒಂದು ವಾರ ಇವಕ್ಕೆ ಬರೀ ಗಂಜಿ ಹಾಕಿದೆ. ಆ ವಾರನೇ ಕಂಟ್ರಾಕ್ಟರು ಕೇಳಿದ್ರು. ಆ ಗಾಡಿಯಿಂದ ಬಂದಿದ್ದೆಲ್ಲ ಇವುಗಳ ಹೊಟ್ಟೆಗೇ ಹೋಗಿದೆ. ಒಂದು ಬಿಡಿಗಾಸೂ ಆಚೆ ಈಚೆ ಆಗಿಲ್ಲ."

ಅವನು ನಂಬಿದ. ನಂಬದೇ ಇರಲು ಕಾರಣ ಹುಡುಕಿದರೂ ಸಿಗಲಿಲ್ಲ. ಕಿಸೆಯೊಳಗೆ ಕೈ ಹಾಕಿ ಹಳದಿ ಚೀಟಿ ತೆಗೆದು ಅವರ ಮುಂದೆ ಹಿಡಿದ.

"ಈ ದಿನ ನನ್ನ ಮಗಳು ಫೋನ್ ಮಾಡಿದ್ಲು. ಗಾಡಿ ಕೇಸಿಗೆ ಹೋಗಿದೆ, ಬರುತ್ತೆ ಅಂದ್ರಿ."

ಡಾಕ್ಟರಮ್ಮ ಚೀಟಿಯನ್ನು ಓದಿದರು. ಬಹಳ ಹೊತ್ತು ಓದಿದರು, ತಾರೀಖು ಬಿಟ್ಟರೆ ಅದರಲ್ಲಿದ್ದದ್ದು ಮೂರೇ ಶಬ್ದವಾದರೂ. "ಫೋನ್ ತೆಗೆಯೋ ಹೆಂಗಸಿಗೆ ಹಾಗೆ ಹೇಳು ಅಂತ ನಾನೇ ಕಲಿಸಿಕೊಟ್ಟಿದ್ದು," ಎಂದರು. "ಕರೆ ಮಾಡಿದ್ದು ನಿಮ್ಮ ಮಗಳು ಅಂತ ನಂಗೆ ಗೊತ್ತಿರಲಿಲ್ಲ."

"ಬೇರೆಯವರಾಗಿದ್ರೆ ಪರವಾಗಿರಲಿಲ್ವಾ?"

ಅವರು ತಲೆ ತಗ್ಗಿಸಿದರು. ಚೀಟಿಯನ್ನು ಹಿಂದಕ್ಕೆ ಕೊಡುತ್ತ, "ಅವಳಿಗೆ ಹೇಳ್ತೀರಾ?" ಎಂದು ಕೇಳಿದರು.

ಅವನು ಸ್ಕೂಟರು ಹತ್ತಿದ.

ಗ್ಯಾರೇಜಿಗೆ ಮರಳುವಾಗ ಮೂರು ಗಂಟೆ. ಡ್ರೈವರನ್ನು "ನಾಳೆ ಬಾ" ಎಂದು ಕಳಿಸಿದ. ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು, ಮುಚ್ಚಿದ. ಐದೂವರೆಗೆ ಮಗಳು ಬರುತ್ತಾಳೆ. ಹಿಂಬಾಗಿಲು ತೆಗೆಯುತ್ತಾಳೆ. ಅವಳೇನು ಸಣ್ಣ ಮಗುವಲ್ಲ; ಗ್ಯಾರೇಜಿನಲ್ಲಿ ಬೆಳೆದವಳು, ಸಿಮೆಂಟು ಯಾವುದು ಮಣ್ಣು ಯಾವುದು ಎಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ.

ಅವನು ಉಳಿ, ಸುತ್ತಿಗೆ ಹಿಡಿದು ವ್ಯಾನಿನೊಳಗೆ ಹತ್ತಿದ. ರಂಧ್ರದಲ್ಲಿ ಗಟ್ಟಿಯಾಗಿದ್ದ ಸಿಮೆಂಟನ್ನು ಕುಟ್ಟಿ ಕುಟ್ಟಿ ಪುಡಿ ಮಾಡಿದ. ತಗ್ಗುಬಿದ್ದ ತಗಡನ್ನು ಬಡಿದು ಆದಷ್ಟು ಸಮ ಮಾಡಿದ. ಸೀಳಿದ ಸ್ಪ್ರಿಂಗ್ ಪಟ್ಟಿ ಬಿಚ್ಚಿ ಹಾಕಿ ಹಳೆಯ ಗಾಡಿಯದೊಂದನ್ನು ಹೊಂದಿಸಿದ. ಕೈ ಅವಸರಕ್ಕೆ ಬಿದ್ದು ಹೆಬ್ಬೆರಳಿಗೆ ಸುತ್ತಿಗೆ ಬಿತ್ತು. ಬಾಯಲ್ಲಿಟ್ಟುಕೊಂಡು ಚೀಪಿ ಮತ್ತೆ ಕುಟ್ಟಿದ. ಗೋಡೆಯ ಗಡಿಯಾರ ನೋಡಿದ. ನಾಲ್ಕೂಕಾಲು. ಕೊಯ್ದಿದ್ದ ಕಂಬಿಗೆ ಬೇರೆ ತುಂಡು ಅಳತೆ ಮಾಡುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಭಾಮೈದ.

"ಬೋಲ್ಟು ಸಿಕ್ತಾ ಭಾವ?"

ಅವನು ಕಂಬಿಯ ಮೇಲೆ ಗುರುತು ಹಾಕುತ್ತ ಹೋದ.

"ಡ್ರೈವರು ಎಲ್ಲ ಹೇಳ್ದ. ನೀನು ಹೋದ ಮೇಲೆ ಅವನೇ ಬಂದು ಕೂತು ಬಾಯಿ ಬಿಟ್ಟ. ಪಾಪ, ಅವನಿಗೇನು ಗೊತ್ತು." ಭಾಮೈದ ವ್ಯಾನಿನ ಮಗ್ಗುಲಿಗೆ ಕೈ ಬಡಿದ. "ನಾನು ಬರೆದ ಅಕ್ಷರ ಟೈಲ್ಸ್ ಹೊತ್ಕೊಂಡು ಊರೆಲ್ಲ ತಿರುಗ್ತಿತ್ತು. ಅದು ಹೋಗ್ಲಿ. ನೀನೇನ್ ಮಾಡ್ತಿದೀಯ ಈಗ?"

"ಅವಳು ಬರ್ತಾಳೆ ಕಣೋ ಐದೂವರೆಗೆ."

"ಅದಕ್ಕೆ? ಕದ್ದೋರು ಅವರು. ಗುರುತು ಅಳಿಸೋನು ನೀನಾ?"

"ಕದ್ದಿಲ್ಲ. ಅವುಗಳ ಹೊಟ್ಟೆಗೇ ಹಾಕಿದಾರೆ. ನೋಡ್ಬಂದೆ." ತನ್ನ ದನಿ ತನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. "ಅವಳು ಆ ನಾಯಿ ಸತ್ತಾಗ ಹೇಗಿದ್ಲು ನೀನೇ ನೋಡಿದೀಯ. ಈಗ ಇದನ್ನ ಹೇಗೆ ಹೇಳ್ಲಿ? ಎರಡು ಗಂಟೆ ಕೂತಿದ್ಲು, ಅಮ್ಮನ ಗಾಡಿ ಬರುತ್ತೆ ಅಂತ."

ಭಾಮೈದ ವ್ಯಾನಿನೊಳಗೆ ಹತ್ತಿ ಕಂಬಿಯ ಇನ್ನೊಂದು ತುದಿ ಹಿಡಿದ. ಹಿಡಿದ ಮೇಲೂ ಗೊಣಗಿದ: "ಇದು ಸರಿಯಲ್ಲ, ಹೇಳಿರ್ತೀನಿ."

ಮಗಳು ಐದೂವರೆಗೆ ಎಂದವಳು ಐದೂಹತ್ತಕ್ಕೇ ಬಂದಳು. ಹೆಗಲ ಚೀಲವನ್ನೂ ಇಳಿಸದೆ ನೇರ ವ್ಯಾನಿನ ಹತ್ತಿರ ಹೋಗಿ ನೀಲಿ ಅಕ್ಷರಗಳ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಹಿಂಬಾಗಿಲು ತೆರೆದಳು. ಮೆಕ್ಯಾನಿಕ್ ಗಾಡಿಯ ಮುಂಭಾಗದಲ್ಲಿ ಕೆಲಸವಿಲ್ಲದ ಕೆಲಸಕ್ಕೆ ಸ್ಪ್ಯಾನರು ತಿರುಗಿಸುತ್ತ ಕಿವಿಯನ್ನೆಲ್ಲ ಹಿಂದಕ್ಕೆ ಇಟ್ಟಿದ್ದ.

"ನೆಲ ಏನಪ್ಪ ಇಷ್ಟು ತಗ್ಗಾಗಿದೆ?"

"ಹಸು ಹತ್ತಿಸಿರ್ಬೇಕು."

"ಹಸುನಾ?" ಅವಳ ದನಿಯಲ್ಲಿ ಖುಷಿ ಇತ್ತು. "ಹಸುನೂ ಹಿಡಿಸುತ್ತಾ ಇದರಲ್ಲಿ? ಅಮ್ಮ ನೋಡ್ಬೇಕಿತ್ತು." ಫೋನು ತೆಗೆದು ಎರಡು ಫೋಟೋ ಹೊಡೆದಳು. "ಅಂಚೆ ಆಫೀಸಿನ ಆಂಟಿಯರಿಗೆ ಕಳಿಸ್ತೀನಿ. ಅವತ್ತಿಂದ ಕೇಳ್ತಾನೇ ಇದಾರೆ, ಗಾಡಿ ಹೇಗಿದೆ ಅಂತ."

ಮೆಕ್ಯಾನಿಕ್ ಸ್ಪ್ಯಾನರನ್ನು ಕೆಳಗಿಟ್ಟ. ಭಾಮೈದ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದ. ಇನ್ನು ಒಂದು ಗಳಿಗೆ ಕಳೆದರೆ ಆ ಸುಳ್ಳು ಹತ್ತು ಮನೆಗೆ ಹೋಗುತ್ತದೆ. ಹೋದ ಮೇಲೆ ಅದು ಡಾಕ್ಟರಮ್ಮನ ಸುಳ್ಳಾಗಿ ಉಳಿಯುವುದಿಲ್ಲ, ತನ್ನದಾಗುತ್ತದೆ.

"ಕಳಿಸ್ಬೇಡ," ಎಂದ.

"ಯಾಕೆ?"

"ಇಲ್ಲಿ ಬಾ. ಕೂತ್ಕೋ."

ಅವಳು ಹಳೆಯ ಟೈರಿನ ಮೇಲೆ ಕೂತಳು. ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ನೆಲ ನೋಡುತ್ತ, ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಸ್ಪ್ರಿಂಗು, ಸಿಮೆಂಟು, ಬಾಡಿಗೆ, ಗಂಜಿ ಹಾಕಿದ ವಾರ. ಕೊನೆಗೆ ಹಳದಿ ಚೀಟಿಯನ್ನೂ ಕೊಟ್ಟ. ಮಧ್ಯಾಹ್ನದಿಂದ ಕುಟ್ಟಿ ಕುಟ್ಟಿ ಗುರುತು ಅಳಿಸಿದವನು ತಾನೇ ಎಂಬುದನ್ನೂ ಬಿಡಲಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ. ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನನಗೆ ಹೇಳ್ದೆ ಇರೋಣ ಅಂತಿದ್ಯಾ?" ಎಂದಷ್ಟೇ ಕೇಳಿದಳು.

"ಹೂಂ."

ಅವಳು ಎದ್ದು ಹೊರಟುಹೋದಳು.

ಮನೆಗೆ ಹೋದಾಗ ಅವಳ ಕೋಣೆಯ ಬಾಗಿಲು ಹಾಕಿತ್ತು. ಎರಡು ಸಲ ತಟ್ಟಿದ. "ಊಟ ಬೇಡ" ಎಂಬ ಉತ್ತರ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ತೆರೆದಿತ್ತು, ಹಾಸಿಗೆ ಮಡಿಸಿಟ್ಟಿತ್ತು, ಅವಳಿರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಔಷಧಿ ಅಂಗಡಿಗೆ ಮಾಡಿದ; ಇವತ್ತು ರಜೆ ಹಾಕಿದಾಳಲ್ಲ ಎಂದರು. ಅವಳ ಕೋಪ ಅವನಿಗೆ ಗೊತ್ತಿತ್ತು, ಮೌನ ಗೊತ್ತಿರಲಿಲ್ಲ. ಭಾಮೈದನಿಗೆ ಸುದ್ದಿ ಮುಟ್ಟಿಸಿ, ಸ್ಕೂಟರು ಹತ್ತಿ, ಮೊದಲು ಅಂಚೆ ಕಚೇರಿಯ ಹತ್ತಿರ ಹೋದ, ಆಮೇಲೆ ಅವಳ ಗೆಳತಿಯ ಮನೆಗೆ. ಎಲ್ಲೂ ಇಲ್ಲ. ಕೊನೆಗೆ, ಮೊದಲೇ ಹೋಗಬೇಕಿದ್ದ ಕಡೆಗೆ ಹೋದ.

ಅವಳು ಶೆಲ್ಟರಿನ ಅಂಗಳದಲ್ಲಿ ಮಂಡಿಯೂರಿ ಕೂತು, ಕತ್ತೆಯ ಕತ್ತನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದಳು. ಡಾಕ್ಟರಮ್ಮ ಅದರ ಗಾಯಕ್ಕೆ ಹೊಸ ಪಟ್ಟಿ ಸುತ್ತುತ್ತಿದ್ದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ದೊಡ್ಡ ಮಾತುಗಳೆಲ್ಲ ಆಗಿಹೋಗಿ, ಈಗ ಕೆಲಸ ನಡೆಯುತ್ತಿತ್ತು.

"ನಿಮ್ಮ ಮಗಳು ನನ್ನ ಚರ್ಮ ಸುಲಿದ್ಲು," ಎಂದರು ಡಾಕ್ಟರಮ್ಮ, ತಲೆ ಎತ್ತದೆ.

ಮಗಳು ಕತ್ತೆಯನ್ನು ಬಿಡದೆ ಅಪ್ಪನ ಕಡೆ ತಿರುಗಿದಳು. "ಟೈಲ್ಸ್ ಹೊತ್ತಿದ್ದಕ್ಕೆ ಅಲ್ಲಪ್ಪ ನಂಗೆ ಸಿಟ್ಟು. ಬರುತ್ತೆ ಅಂದ್ರಲ್ಲ, ಅದಕ್ಕೆ. ಗಾಡಿ ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ರಸ್ತೆಲಿ ಹೋಗೋ ಯಾವ್ದಾದ್ರೂ ಗಾಡಿಗೆ ಅಡ್ಡ ನಿಲ್ತಿದ್ದೆ. ಸಿಗ್ತಿತ್ತು. ಎರಡು ಗಂಟೆ ಇತ್ತು ನಂಗೆ. ನಂಬಿ ಕೂತೆ." ಅವಳು ಕತ್ತೆಯ ಕತ್ತನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ನೀನೂ ಅದನ್ನೇ ಮಾಡೋಕೆ ಹೊರಟಿದ್ದೆ."

ಅವನು ಹೋಗಿ ಕತ್ತೆಯ ಇನ್ನೊಂದು ಬದಿ ಹಿಡಿದುಕೊಂಡ. ಅದು ಒದ್ದಾಡುವುದನ್ನು ನಿಲ್ಲಿಸಿತು.

ಆ ಬೆಳಿಗ್ಗೆ ಮೂವರೂ ಸೇರಿ, ಆಮೇಲೆ ಬಂದ ಭಾಮೈದನೂ ಕೂಡಿ, ಎರಡು ಗಂಟೆ ಮಾತಾಡಿದರು. ಭಾಮೈದನದು ಒಂದೇ ಪಟ್ಟು: "ಅಕ್ಕನ ಹೆಸರು ಇರೋವರೆಗೂ ಅದರಲ್ಲಿ ಒಂದು ಇಟ್ಟಿಗೆನೂ ಹತ್ತಬಾರದು. ಬಾಡಿಗೆ ಬೇಕಾ, ಹೇಳಿ, ಈಗಲೇ ಹೆಸರು ಅಳಿಸ್ತೀನಿ." ಡಾಕ್ಟರಮ್ಮ, ಬಾಡಿಗೆ ನಿಂತರೆ ತಿಂಗಳೊಳಗೆ ಪ್ರಾಣಿಗಳ ಅರ್ಧ ಗೂಡುಗಳು ಖಾಲಿಯಾಗಬೇಕಾಗುತ್ತದೆ ಎಂದರು. ಹೆದರಿಸಲು ಹೇಳಿದ ಮಾತಲ್ಲ ಅದು. ಮಗಳು ಎರಡನ್ನೂ ಕೇಳಿ ಕೊನೆಗೆ ಹೇಳಿದಳು: "ಬಾಡಿಗೆ ನಿಲ್ಲಿಸಿ. ಯಾಕೆ ನಿಂತಿತು, ಏನು ನಡೆದಿತ್ತು ಅಂತ ಕೊಟ್ಟೋರಿಗೆಲ್ಲ ಕಾಗದ ಬರೀರಿ. ನೀವೇ ಬರೀಬೇಕು, ನಿಮ್ಮ ಕೈಯಲ್ಲೇ. ಹಂಚೋಕೆ ನಾನು ಬರ್ತೀನಿ."

ಡಾಕ್ಟರಮ್ಮ ಬರೆದರು. ಮುಚ್ಚುಮರೆಯಿಲ್ಲದೆ ಬರೆದರು, ಫೋನಿನಲ್ಲಿ ಹೇಳಿಸಿದ ಸುಳ್ಳನ್ನೂ, ಅದರಿಂದ ಸತ್ತ ನಾಯಿಯನ್ನೂ ಬಿಡಲಿಲ್ಲ. ಮಗಳು ಎರಡು ಭಾನುವಾರ ಮನೆಯಿಂದ ಮನೆಗೆ ಹೋಗಿ ಕಾಗದಗಳನ್ನು ಹಂಚಿ ಬಂದಳು.

ಆದದ್ದೇನೆಂದರೆ, ಕಾಗದ ಓದಿದ ಬಹಳ ಜನ ಸಿಟ್ಟಾದರು. ಕೆಲವರು ಕೊಡುತ್ತಿದ್ದುದನ್ನೂ ನಿಲ್ಲಿಸಿದರು. ಗೋಡೆ ಕಟ್ಟಿಸಿಕೊಟ್ಟಿದ್ದ ಬಟ್ಟೆ ವ್ಯಾಪಾರಿಯೊಬ್ಬ ಬಂದು ತನ್ನ ಹೆಸರಿನ ಕಲ್ಲನ್ನು ಕೀಳಿಸಿಕೊಂಡು ಹೋದ. ಸ್ಟ್ರೆಚರು ಕೊಟ್ಟಿದ್ದ ಅಂಚೆಯವರಲ್ಲಿ ಒಬ್ಬಾಕೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, "ನಮಗೆ ಯಾಕೆ ಹೇಳಿದ್ರಿ, ನೆಮ್ಮದಿಯಾಗಿದ್ವಿ," ಎಂದು ನೊಂದುಕೊಂಡಳು. ಅದೇ ಆಕೆ ಮರುವಾರ ಒಂದು ಮೂಟೆ ಅಕ್ಕಿ ಕಳಿಸಿದಳು. ಹಾಗೆ ಕಳಿಸಿದವರು ಆರೇಳು ಮಂದಿ. ಸಾಕಾಗಲಿಲ್ಲ. ಡಾಕ್ಟರಮ್ಮ ಮೂರು ತಿಂಗಳು ಹೊಸ ಪ್ರಾಣಿಗಳನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಗಾಯಕ್ಕೆ ಮದ್ದು ಹಾಕಿ, ಬೇರೆ ಯಾರಾದರೂ ನೋಡಿಕೊಳ್ಳುವವರಿದ್ದರೆ ಒಪ್ಪಿಸಿ, ಇಲ್ಲವಾದರೆ ಬಂದ ಬೀದಿಗೇ ಬಿಡಿಸಿದರು. ಕತ್ತೆಯನ್ನು ದೂರದ ಊರಿನ ಇನ್ನೊಂದು ಶೆಲ್ಟರಿಗೆ ಕಳಿಸಿದರು. ಯಾರೂ ಒಯ್ಯದ ಎರಡು ಮುದಿ ನಾಯಿಗಳು ಗ್ಯಾರೇಜಿಗೆ ಬಂದವು. ಒಂದಕ್ಕೆ ಕಿವಿ ಕೇಳುವುದಿಲ್ಲ, ಹಾಗಾಗಿ ಸುತ್ತಿಗೆ ಸದ್ದಿನ ನಡುವೆಯೂ ಗಾಢ ನಿದ್ದೆ. "ನನಗಿಂತ ಒಳ್ಳೆ ಕೆಲಸಗಾರ," ಎನ್ನುತ್ತಾನೆ ಭಾಮೈದ. "ಸಂಬಳ ಕೇಳಲ್ಲ, ಎದ್ದೇಳೋದೂ ಇಲ್ಲ."

ಬೀದಿಗೆ ಮರಳಿದವುಗಳಲ್ಲಿ ಒಂದು ನಾಯಿ ವಾರದೊಳಗೆ ಸತ್ತಿತು. ಆ ಸುದ್ದಿ ಬಂದ ಸಂಜೆ ಮಗಳು ಗ್ಯಾರೇಜಿನ ಹೊಸ್ತಿಲಲ್ಲಿ ಕೂತು ಕೇಳಿದಳು:

"ನಾವು ಮಾಡಿದ್ದು ಸರಿನಾ ಅಪ್ಪ?"

ಸರಿ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಿಲ್ಲ ಕಣಮ್ಮ," ಎಂದ. ಅವಳು ಅವನ ಪಕ್ಕಕ್ಕೆ ಸರಿದು ಕೂತಳು.

ಕಂಟ್ರಾಕ್ಟರು ತನ್ನ ಡ್ರೈವರನ್ನು ಕರೆಸಿಕೊಂಡ ಮೇಲೆ ವ್ಯಾನು ಓಡಿಸುವವರು ಯಾರೂ ಇರಲಿಲ್ಲ. ವಾರಕ್ಕೆ ಮೂರು ದಿನ ಮೆಕ್ಯಾನಿಕ್, ಎರಡು ದಿನ ಭಾಮೈದ ಎಂದಾಯಿತು. ಉಳಿದೆರಡು ದಿನ ಫೋನು ಮಾಡಿದವರಿಗೆ, ಇವತ್ತು ಗಾಡಿ ಇಲ್ಲ, ಬೇರೆ ಏನಾದರೂ ನೋಡಿಕೊಳ್ಳಿ ಎಂದು ಶೆಲ್ಟರಿನ ಹೆಂಗಸು ಹೇಳುತ್ತಾಳೆ. ಕೆಲವರು ಬೈದು ಫೋನಿಡುತ್ತಾರೆ.

ತನ್ನ ಸರದಿಯ ದಿನ ಮೆಕ್ಯಾನಿಕ್ ಬೆಳಗಿನಿಂದಲೇ ಫೋನನ್ನು ಕೈಗೆಟುಕುವಲ್ಲೇ ಇಟ್ಟುಕೊಂಡಿರುತ್ತಾನೆ. ಅದು ರಿಂಗಾದರೆ ಬೆಚ್ಚುತ್ತಾನೆ, ರಿಂಗಾಗದಿದ್ದರೆ ಎತ್ತಿ ನೋಡುತ್ತಾನೆ. ಹೋದ ಗುರುವಾರ ತರಕಾರಿ ಮಾರುಕಟ್ಟೆಯ ಹಿಂದಿನಿಂದ ಕರೆ ಬಂತು: ಚರಂಡಿಯ ಕಬ್ಬಿಣದ ಜಾಲರಿಗೆ ಕಾಲು ಸಿಕ್ಕಿಸಿಕೊಂಡ ಹೆಣ್ಣು ನಾಯಿ. ಕರೆ ಮಾಡಿದವಳು ಬದನೆಕಾಯಿ ಮಾರುವ ಮುದುಕಿ. "ಬರ್ತೀರಾ ನೀವು, ಇಲ್ಲ ಸುಮ್ನೆ ಹೇಳ್ತೀರಾ?" ಎಂದು ಕೇಳಿದಳು.

"ಹೊರಟೆ ಅಮ್ಮಾ. ಸಂತೆ ದಾರಿ ಜಾಮಾಗಿದ್ರೆ ಅರ್ಧ ಗಂಟೆ ಆಗುತ್ತೆ. ಅಷ್ಟು ಹೊತ್ತು ತಡೀದು ಅನ್ನಿಸಿದ್ರೆ ಕಾಯ್ಬೇಡಿ, ಯಾರನ್ನಾದ್ರೂ ಕರೀರಿ."

"ತಡೀತದೆ," ಎಂದಳು ಮುದುಕಿ. "ನೀರು ಕುಡಿಸ್ತಾ ಇದೀನಿ."

ಅವನು ಕೀಲಿ ತಿರುಗಿಸಿದ. ದಾರಿ ಜಾಮಾಗಿತ್ತು. ಹಾರನ್ನಿನ ಮೇಲೆ ಅಂಗೈ ಒತ್ತಿ ಹಿಡಿದು, ಇಪ್ಪತ್ತೆಂಟು ನಿಮಿಷಕ್ಕೆ ಅಲ್ಲಿಗೆ ತಲುಪಿದ.